ಡ್ರಾಯಿಂಗ್ ಇದೆ, ಯಾಕೆ ಹಾಗೆ ಮಾಡಿದ್ದು ಅಂತ ಎಲ್ಲೂ ಬರೆದಿಲ್ಲ: ನಿಮ್ಮ ವರ್ಕ್‌ಶಾಪ್‌ನಲ್ಲಿ ಇದಕ್ಕೆ ಏನು ಮಾಡುತ್ತೀರಿ?

ಮಾಚೇನಹಳ್ಳಿ_ಡ್ರಾಯಿಂಗ್
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಹತ್ತಿರ ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಡ್ರಾಯಿಂಗ್ ಕೆಲಸ ನನ್ನದು. ಒಟ್ಟು 14 ಜನ ಇದ್ದೇವೆ. ರೈಸ್ ಮಿಲ್‌ಗೆ ಎಲಿವೇಟರ್ (ಭತ್ತವನ್ನು ಬಕೆಟ್‌ಗಳಲ್ಲಿ ಮೇಲಕ್ಕೆ ಎತ್ತುವ ಮೆಷಿನ್), ಕನ್ವೇಯರ್, ಅಡಿಕೆ ಡ್ರೈಯರ್, ಹೀಗೆ ಯಾರು ಏನು ಕೇಳುತ್ತಾರೋ ಅದನ್ನು ಅವರ ಜಾಗಕ್ಕೆ ಹೊಂದಿಸಿ ಮಾಡಿಕೊಡುತ್ತೇವೆ. ಆರ್ಡರ್ ಬಂದ ಮೇಲೇ ಡಿಸೈನ್. ಒಂದು ಮೆಷಿನ್ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ.

ಕಳೆದ ತಿಂಗಳು ಹೊಸನಗರ ಕಡೆಯ ಮಿಲ್ಲಿನವರು ಬಂದು, "ಆರು ವರ್ಷದ ಹಿಂದೆ ತೀರ್ಥಹಳ್ಳಿಗೆ ಕೊಟ್ಟಿರಲ್ಲ, ಅದೇ ಎಲಿವೇಟರ್ ನಮಗೂ ಬೇಕು" ಅಂದರು. ಸುಲಭದ ಕೆಲಸ ಅಂದುಕೊಂಡೆ. ಹಳೆ ಫೈಲ್ ತೆಗೆದು, ಎತ್ತರ ಬದಲಿಸಿ, ಪ್ರಿಂಟ್ ಕೊಟ್ಟೆ. ಡ್ರಾಯಿಂಗ್‌ನಲ್ಲಿ ಮೇಲಿನ ಶಾಫ್ಟ್ 50 ಮಿ.ಮೀ. ಟರ್ನರ್ 50ಕ್ಕೇ ತಿರುಗಿಸಿದ. ಬೇರಿಂಗ್ ತರುವವರು ಮಾತ್ರ ಡ್ರಾಯಿಂಗ್ ನೋಡಲಿಲ್ಲ, ಹಳೆ ಬಿಲ್ ನೋಡಿ ಯುಸಿಪಿ 211 ತಂದರು. ಅದರ ಒಳವ್ಯಾಸ 55. ಸೈಟ್‌ನಲ್ಲಿ ಜೋಡಿಸುವಾಗ ಶಾಫ್ಟ್ ಬೇರಿಂಗ್ ಒಳಗೆ ಗಡಗಡ ಅಲುಗಾಡಿತು. ಭತ್ತ ಬರುವ ಹೊತ್ತಿನಲ್ಲಿ ಎರಡು ದಿನ ಮಿಲ್ ನಿಂತಿತು.

ಮೊದಲು ಬೇರಿಂಗ್ ತಂದವರನ್ನೇ ಬೈದೆ. ಅದು ತಪ್ಪಾಯಿತು. ನಿವೃತ್ತರಾದ ನಮ್ಮ ಹಿರಿಯ ಫಿಟ್ಟರ್‌ಗೆ ಫೋನ್ ಮಾಡಿದಾಗ ವಿಷಯ ಗೊತ್ತಾಯಿತು. ತೀರ್ಥಹಳ್ಳಿಯಲ್ಲಿ ಹಸಿ ಭತ್ತ ಕೆಳಗಿನ ಬೂಟ್‌ನಲ್ಲಿ, ಅಂದರೆ ಎಲಿವೇಟರ್‌ನ ತಳದ ಪೆಟ್ಟಿಗೆಯಲ್ಲಿ, ಕಟ್ಟಿಕೊಳ್ಳುತ್ತಿತ್ತಂತೆ. ಬಕೆಟ್ ತುಂಬಿದ ಹಾಗೇ ಎಲಿವೇಟರ್ ನಿಂತು, ಮತ್ತೆ ಚಾಲೂ ಮಾಡುವಾಗ ಪೂರ್ತಿ ಭಾರದ ಮೇಲೆ ಏಳಬೇಕು. ಶಾಫ್ಟ್ ಕೀ (ಪುಲ್ಲಿ ಜಾರದಂತೆ ಹಿಡಿಯುವ ತುಂಡು) ಕೂರುವ ಜಾಗದಲ್ಲಿ ತಿರುಚಿಕೊಂಡಿತು. ರಾತ್ರೋರಾತ್ರಿ 55ರ ಶಾಫ್ಟ್ ಮಾಡಿ ಹಾಕಿದರು. 5 ಮಿ.ಮೀ. ಅಂದರೆ ಸಣ್ಣದು ಅನ್ನಿಸುತ್ತದೆ. ತಿರುಚುವ ಬಲ ತಡೆಯುವ ಶಕ್ತಿ ವ್ಯಾಸದ ಘನದ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ 33% ಜಾಸ್ತಿ ಆಗುತ್ತದೆ. ಅವರು ಮಾಡಿದ್ದು ಸರಿಯೇ. ಆದರೆ ಡ್ರಾಯಿಂಗ್‌ಗೆ ಅದು ಬರಲೇ ಇಲ್ಲ. ಆರು ವರ್ಷ ಆ ಸತ್ಯ ಇದ್ದದ್ದು ಎರಡೇ ಕಡೆ: ಅವರ ತಲೆಯಲ್ಲಿ, ಮತ್ತೆ ಒಂದು ಬೇರಿಂಗ್ ಬಿಲ್‌ನಲ್ಲಿ.

ಇಂಥದ್ದು ನಮ್ಮಲ್ಲಿ ಇನ್ನೆಷ್ಟಿದೆಯೋ ಅಂತ ನಿದ್ದೆ ಬರುತ್ತಿಲ್ಲ. ನೀವೆಲ್ಲ ಇದನ್ನು ಹೇಗೆ ಇಟ್ಟುಕೊಳ್ಳುತ್ತೀರಿ?

ತುಂಗಾತೀರ
ನಮ್ಮ ಕಡೆಯೂ ಇದೇ ಕಥೆ. ಫೈಲ್ ಹೆಸರು "ಫೈನಲ್", ಪಕ್ಕದಲ್ಲೇ "ಫೈನಲ್ ಹೊಸದು", ಅದರ ಪಕ್ಕ "ಫೈನಲ್ ಸರಿ ಮಾಡಿದ್ದು". ಯಾವುದು ಕಟ್ಟಿದ್ದು ಅಂತ ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಭದ್ರಾವತಿ_ಹಳಬ
ನಮ್ಮ ತಂದೆ ಭದ್ರಾವತಿ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಇದ್ದವರು. 1923ರಲ್ಲಿ ಇದ್ದಿಲು ಹಾಕಿ ಕಬ್ಬಿಣ ಕರಗಿಸಲು ಶುರು ಮಾಡಿದ ಕಾರ್ಖಾನೆ ಅದು. ಚಿಕ್ಕವನಿದ್ದಾಗ ಒಂದೆರಡು ಸಲ ಅಪ್ಪನ ಜೊತೆ ಹೋಗಿದ್ದೆ. ಪ್ರಿಂಟ್ ತೆಗೆಯುವ ಕೋಣೆಯ ಅಮೋನಿಯ ವಾಸನೆ ಇನ್ನೂ ಮೂಗಿನಲ್ಲಿದೆ. ಟ್ರೇಸಿಂಗ್ ಹಾಳೆಯಲ್ಲಿ ತಪ್ಪಾದರೆ ಬ್ಲೇಡ್‌ನಿಂದ ನಾಜೂಕಾಗಿ ಕೆರೆದು, ಅದೇ ಜಾಗದಲ್ಲಿ ಮತ್ತೆ ಎಳೆಯುತ್ತಿದ್ದರು. ಪಕ್ಕದಲ್ಲಿ ಸಣ್ಣ ತ್ರಿಕೋನ, ಅದರೊಳಗೆ ಎಷ್ಟನೇ ತಿದ್ದುಪಡಿ ಅಂತ ತೋರಿಸುವ ಅಕ್ಷರ. ಎ, ಬಿ, ಸಿ.

ಒಂದು ದಪ್ಪ ರಿಜಿಸ್ಟರ್ ಇತ್ತು. ಡ್ರಾಯಿಂಗ್ ನಂಬರ್, ಯಾರು ಬರೆದರು, ಯಾರು ಒಯ್ದರು, ಯಾವಾಗ ವಾಪಸ್ ಬಂತು, ಯಾಕೆ ಬದಲಾಯಿತು. ಮೂಲ ಹಾಳೆ ಆಫೀಸಿನಿಂದ ಆಚೆ ಹೋಗುವಂತಿಲ್ಲ. ಕಂಪ್ಯೂಟರ್ ಬಂದ ಮೇಲೆ ಎಲ್ಲರ ಕೈಯಲ್ಲೂ ಮೂಲವೇ ಇದೆ. ನನ್ನ ಪ್ರಕಾರ ಗೋಳು ಅಲ್ಲಿಂದ ಶುರು.

ಮಾಚೇನಹಳ್ಳಿ_ಡ್ರಾಯಿಂಗ್
@ಭದ್ರಾವತಿ_ಹಳಬ, "ಯಾಕೆ ಬದಲಾಯಿತು" ಅನ್ನುವ ಕಾಲಂ ನಮ್ಮ ಡ್ರಾಯಿಂಗ್‌ನ ಮೂಲೆಯಲ್ಲೂ ಇದೆ. ನೀವು ಹೇಳಿದ ಮೇಲೆ ಇವತ್ತು ಕೂತು 30 ಹಳೆ ಡ್ರಾಯಿಂಗ್ ತೆಗೆದು ನೋಡಿದೆ. ಮುಕ್ಕಾಲು ಪಾಲಿನಲ್ಲಿ ಒಂದೇ ಸಾಲು: "ಸೈಟ್‌ಗೆ ಬೇಕಾದಂತೆ ಬದಲಿಸಿದೆ". ಉಳಿದವು ಖಾಲಿ. ಬರೆದವನು ಬಹಳ ಕಡೆ ನಾನೇ.

ಅಚ್ಚಿನಮರ
ನಾನು ಫೌಂಡ್ರಿಗೆ ಮರದ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ, ಮಾಡುವವನು. 26 ವರ್ಷ ಆಯಿತು. ನಮ್ಮಲ್ಲಂತೂ ಅರ್ಧ ವಿದ್ಯೆ ಕಾಗದದಲ್ಲಿ ಇರುವುದೇ ಇಲ್ಲ.

ಬೀಡು ಕಬ್ಬಿಣ ತಣ್ಣಗಾಗುವಾಗ ಸುಮಾರು 1% ಕುಗ್ಗುತ್ತದೆ. ಉಕ್ಕು ಸುಮಾರು 2%. 600 ಮಿ.ಮೀ. ಉದ್ದದ ಭಾಗ ಬೇಕಾದರೆ ಬೀಡಿಗೆ ಪ್ಯಾಟರ್ನ್ 606 ಇರಬೇಕು, ಉಕ್ಕಿಗೆ 612. ಇದಕ್ಕೆ ಅಂತಲೇ ಹಿಗ್ಗಿಸಿದ ಅಳತೆಪಟ್ಟಿ ಇರುತ್ತದೆ. ಪ್ಯಾಟರ್ನ್ ಮೇಲೆ "ಬೀಡಿಗೆ" ಅಂತ ಬರೆಯದೆ ಇಟ್ಟರೆ, ಐದು ವರ್ಷ ಬಿಟ್ಟು ಯಾರೋ ಅದರಲ್ಲೇ ಉಕ್ಕು ಹೊಯ್ಯುತ್ತಾರೆ. ಭಾಗ 6 ಮಿ.ಮೀ. ಗಿಡ್ಡ. ಇದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಹೇಳುತ್ತೇನೆ. ಉದ್ದನೆಯ ಒಂದು ಮೆಷಿನ್ ಬೆಡ್ (ತಳದ ಭಾಗ) ಪ್ಯಾಟರ್ನ್‌ನ ಒಂದು ತುದಿಗೆ ನಮ್ಮ ಗುರುಗಳು 3 ಮಿ.ಮೀ. ದಪ್ಪದ ಹಲಗೆ ಚೂರು ಅಂಟಿಸಿದ್ದರು. ನೋಡುವವರಿಗೆ ಅದು ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಹೊಸದಾಗಿ ಬಂದ ಹುಡುಗ ಒಳ್ಳೆ ಮನಸ್ಸಿನಿಂದಲೇ ಅದನ್ನು ಕಿತ್ತು, ಉಜ್ಜಿ, ಚೆಂದ ಬಣ್ಣ ಹೊಡೆದ. ಆಮೇಲೆ ಬಂದ ಒಂಬತ್ತೂ ಎರಕ ಆ ತುದಿಯಲ್ಲಿ ಬಾಗಿದ್ದವು. ಮೆಷಿನ್‌ಗೆ ಕೊಟ್ಟರೆ ಅಲ್ಲಿ ಉಜ್ಜಲು ಲೋಹವೇ ಸಾಲಲಿಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಒಂದೇ ಸಮ ತಣ್ಣಗಾಗದೆ ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ಅಂತಲೇ ಗುರುಗಳು ಚೂರು ಇಟ್ಟಿದ್ದರು. ಒಂಬತ್ತೂ ವಾಪಸ್ ಕುಲುಮೆಗೆ ಹೋದವು.

ಈಗ ನಾನು ಪ್ಯಾಟರ್ನ್ ಮೇಲೆಯೇ ಬಣ್ಣದಲ್ಲಿ ಬರೆಯುತ್ತೇನೆ. "ಈ ಚೂರು ತೆಗೆಯಬೇಡಿ. ಈ ತುದಿ ಬಾಗುತ್ತದೆ." ಕಾಗದ ಕಳೆದುಹೋಗಬಹುದು, ಪ್ಯಾಟರ್ನ್ ಇಲ್ಲದೆ ಎರಕ ಹೊಯ್ಯಲು ಆಗುವುದಿಲ್ಲವಲ್ಲ.

ಮಳೆಗಾಲ
ಮಳೆಗಾಲದಲ್ಲಿ ಮರ ಉಬ್ಬುವುದಿಲ್ಲವಾ? ನಮ್ಮ ಆಗುಂಬೆ ಕಡೆ ಬಾಗಿಲೇ ಹಾಕಲು ಬರುವುದಿಲ್ಲ.

ಅಚ್ಚಿನಮರ
ಉಬ್ಬುತ್ತದೆ. ಚೆನ್ನಾಗಿ ಒಣಗಿದ ತೇಗವೇ ಬೇಕು, ಮೇಲೆ ಎರಡು ಮೂರು ಕೋಟ್ ಬಣ್ಣ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಯಾಟರ್ನ್ ಹೊರಡುವ ಮುಂಚೆ ಪ್ರತಿ ಸಲ ಅಳೆಯುತ್ತೇನೆ.

ಸ್ವಂತ_ಶೆಡ್
ಎಲ್ಲ ಬರೆದಿಡಿ ಅನ್ನುವುದು ಸುಲಭ. ನಾನು ಮಾಲೀಕ, ನನ್ನ ಕಷ್ಟ ಕೇಳಿ. ಅಡಿಕೆ ಸುಲಿಯುವ ಮೆಷಿನ್ ಮಾಡುತ್ತೇನೆ. ಎರಡು ವರ್ಷ ಜೊತೆಗಿದ್ದ ಹುಡುಗ ಡ್ರಾಯಿಂಗ್ ಎಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ, ಅದೇ ರಸ್ತೆಯಲ್ಲಿ ಶೆಡ್ ಹಾಕಿದ. ಅವತ್ತಿನಿಂದ ಮುಖ್ಯವಾದ ಮೂರು ಅಳತೆ ಡ್ರಾಯಿಂಗ್‌ನಲ್ಲಿ ಇಡುವುದಿಲ್ಲ. ನಾನೇ ನಿಂತು ಸೆಟ್ ಮಾಡುತ್ತೇನೆ.

ತುಂಗಾತೀರ
ನಿಮಗೆ ಜ್ವರ ಬಂದ ದಿನ?

ಸ್ವಂತ_ಶೆಡ್
ಅವತ್ತು ಮೆಷಿನ್ ಹೊರಡುವುದಿಲ್ಲ. ನಕಲಿಗಿಂತ ಅದೇ ವಾಸಿ.

ಆಡಿಟ್_ಅನುಭವ
ಗುಣಮಟ್ಟ ನಿರ್ವಹಣೆಯ ಮಾನದಂಡ ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ 7.1.6 ಅಂತ ಒಂದು ಕಲಮು ಇದೆ. ಸಂಸ್ಥೆ ತನ್ನ ಕೆಲಸಕ್ಕೆ ಬೇಕಾದ ತಿಳಿವಳಿಕೆ ಯಾವುದು ಅಂತ ಗುರುತಿಸಬೇಕು, ಅದನ್ನು ಉಳಿಸಿಕೊಳ್ಳಬೇಕು, ಬೇಕಾದವರಿಗೆ ಸಿಗುವಂತೆ ಇಡಬೇಕು. ಅದರ ಹಿಂದಿನ 2008ರ ಆವೃತ್ತಿಯಲ್ಲಿ ಇದು ಇರಲಿಲ್ಲ. ಜನ ನಿವೃತ್ತರಾದಾಗ ವಿದ್ಯೆಯೂ ಹೊರಟುಹೋಗುವುದನ್ನು ನೋಡಿಯೇ ಸೇರಿಸಿದ್ದು. ನಿಮ್ಮ ಶಾಫ್ಟ್ ಪಕ್ಕಾ ಅದಕ್ಕೆ ಉದಾಹರಣೆ.

ಅಚ್ಚಿನಮರ
ಕಲಮು ಇದೆ, ಸರಿ. ನಾನು ಕೆಲಸ ಮಾಡಿದ ಒಂದು ಕಡೆ ಆಡಿಟ್ ಹಿಂದಿನ ರಾತ್ರಿ ಕೂತು ಮೂರು ತಿಂಗಳ ರೆಕಾರ್ಡ್ ಬರೆಯುತ್ತಿದ್ದರು. ಒಂದೇ ಪೆನ್ನು, ಒಂದೇ ಅಕ್ಷರ. ಅದರಿಂದ ಯಾರಿಗೆ ಏನು ಉಪಯೋಗ?

ಆಡಿಟ್_ಅನುಭವ
ಅದು ಕಲಮಿನ ತಪ್ಪಲ್ಲ. ಸರ್ಟಿಫಿಕೇಟ್‌ಗಾಗಿ ಬರೆದರೆ ಹಾಗೇ ಆಗುತ್ತದೆ. ನಿಮ್ಮ ಪ್ಯಾಟರ್ನ್ ಮೇಲಿನ ಬರಹ ನಾನು ಆಡಿಟ್‌ಗೆ ಬಂದಾಗ ನೋಡಿದ್ದರೆ, 7.1.6ಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಡ ಅಂತ ಬರೆದುಕೊಳ್ಳುತ್ತಿದ್ದೆ.

ಕ್ಯಾಡ್_ತೀರ್ಥಹಳ್ಳಿ
ನಾನು ಬೆಂಗಳೂರಿನಲ್ಲಿ ಪ್ಯಾಕಿಂಗ್ ಮೆಷಿನ್ ಮಾಡುವ ಕಡೆ ಡಿಸೈನ್ ತಂಡದಲ್ಲಿ ಇದ್ದೇನೆ. ನಮ್ಮದೂ ಆರ್ಡರ್ ಬಂದ ಮೇಲೆ ಡಿಸೈನ್. ಹನ್ನೊಂದು ವರ್ಷದಲ್ಲಿ ಕಲಿತದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಮೂಲ ತೊಂದರೆ ಶಾಫ್ಟ್ ಅಲ್ಲ, ಹಿಂದಿನ ಆರ್ಡರ್‌ನ ಫೈಲ್ ನಕಲು ಮಾಡುವುದು. ಹಿಂದಿನ ಗಿರಾಕಿಗೆ ಅಂತ ಮಾಡಿದ ಬದಲಾವಣೆ, ಆವತ್ತಿನ ಅವಸರ, ಆವತ್ತಿನ ತಪ್ಪು, ಎಲ್ಲ ಹೊಸ ಆರ್ಡರ್‌ಗೆ ಬರುತ್ತವೆ. ಅಲ್ಲಿಂದ ಮುಂದಿನದಕ್ಕೆ. ಅದರ ಬದಲು ಒಂದು ಮೂಲ ಎಲಿವೇಟರ್ ಇಟ್ಟುಕೊಳ್ಳಿ. ಯಾರಿಗೂ ಮಾರಿದ್ದಲ್ಲ, ನಿಮ್ಮದೇ. ಪ್ರತಿ ಆರ್ಡರ್ ಅಲ್ಲಿಂದಲೇ ಶುರು ಆಗಬೇಕು. ಮೆಷಿನ್ ಕೂರಿಸಿ ಚಾಲೂ ಮಾಡಿದ ವಾರದೊಳಗೆ, ಸೈಟ್‌ನಲ್ಲಿ ಕಲಿತದ್ದನ್ನು ಮೂಲಕ್ಕೆ ವಾಪಸ್ ಸೇರಿಸಬೇಕು. ಈ ವಾಪಸ್ ಸೇರಿಸುವ ಕೆಲಸವನ್ನೇ ಎಲ್ಲರೂ ಬಿಡುವುದು. ಅಷ್ಟರಲ್ಲಿ ಮುಂದಿನ ಆರ್ಡರ್ ಬಂದಿರುತ್ತದೆ.

3ಡಿ ಫೈಲ್ ನಕಲಿನಲ್ಲಿ ಇನ್ನೊಂದು ಅಪಾಯ ಇದೆ. ಅಸೆಂಬ್ಲಿಯನ್ನು ಮಾತ್ರ ಬೇರೆ ಹೆಸರಲ್ಲಿ ಸೇವ್ ಮಾಡಿದರೆ ಒಳಗಿನ ಭಾಗಗಳ ಕೊಂಡಿ ಹಳೆ ಫೋಲ್ಡರ್‌ಗೇ ಇರುತ್ತದೆ. ಹೊಸ ಆರ್ಡರ್‌ಗೆ ಅಂತ ನೀವು ಒಂದು ತೂತು ಸರಿಸಿದರೆ, ಮೂರು ವರ್ಷದ ಹಿಂದೆ ಕೊಟ್ಟ ಮೆಷಿನ್‌ನ ಡ್ರಾಯಿಂಗ್‌ನಲ್ಲೂ ಸರಿಯುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ತಪ್ಪು ಮಾಡಿದ್ದೆ. ಹಳೆ ಗಿರಾಕಿ ಬಿಡಿಭಾಗ ಕೇಳಿದಾಗ ತೂತು ಕೂಡದ ಪ್ಲೇಟ್ ಹೋಯಿತು. ಅವತ್ತಿನ ಸಂಕಟ ಮರೆತಿಲ್ಲ.

ಐಟಿಐ_ಮೇಷ್ಟ್ರು
ಒಪ್ಪುತ್ತೇನೆ, ಆದರೆ ಮಲೆನಾಡಿನ ಸೈಟ್ ನೋಡಿದ್ದೀರಲ್ಲ. ಒಂದು ಮಿಲ್ ಗುಡ್ಡದ ಮೇಲೆ, ಇನ್ನೊಂದು ಹಳೆ ಹಂಚಿನ ಮನೆಯೊಳಗೆ. ಎಲ್ಲದಕ್ಕೂ ಒಂದು ಮೂಲ ಹೇಗೆ ಸಾಧ್ಯ?

ಕ್ಯಾಡ್_ತೀರ್ಥಹಳ್ಳಿ
ಎಣಿಸಿ ನೋಡಬೇಕು ಮೇಷ್ಟ್ರೇ. ಎಲಿವೇಟರ್‌ನಲ್ಲಿ ನಿಜಕ್ಕೂ ಬದಲಾಗುವುದು ಏನು? ಎತ್ತರ, ಗಂಟೆಗೆ ಎಷ್ಟು ಟನ್, ಬಾಯಿ ಯಾವ ಕಡೆ, ಮೋಟರ್. ಬೂಟ್, ತಲೆ, ಬೇರಿಂಗ್ ಕೂರುವ ಪ್ಲೇಟ್, ಬಕೆಟ್, ಟೆನ್ಷನ್ ಸ್ಕ್ರೂ ಹಾಗೇ ಇರುತ್ತವೆ. ಎಲ್ಲವೂ ಬೇರೆ ಅನ್ನಿಸುವುದು ಪ್ರತಿ ಸಲ ಎಲ್ಲವನ್ನೂ ಹೊಸದಾಗಿ ಬರೆಯುವುದರಿಂದ.

ಮಾಚೇನಹಳ್ಳಿ_ಡ್ರಾಯಿಂಗ್
ಎಣಿಸಿದೆ. ನಮ್ಮ ಕೊನೆಯ ಐದು ಎಲಿವೇಟರ್ ಪಕ್ಕಪಕ್ಕ ಇಟ್ಟು ನೋಡಿದೆ. ಬೇರಿಂಗ್ ಪ್ಲೇಟ್ ಐದಕ್ಕೂ ಒಂದೇ ಕೆಲಸ ಮಾಡುತ್ತದೆ, ಆದರೆ ನಾಲ್ಕು ಥರ ಬರೆದಿದ್ದೇವೆ. ಒಂದರಲ್ಲಿ ಬೋಲ್ಟ್ ತೂತು 18, ಇನ್ನೊಂದರಲ್ಲಿ 17.5. ಕಾರಣ ಏನೂ ಇಲ್ಲ. ಆವತ್ತು ಯಾರಿಗೆ ಏನು ತೋಚಿತೋ ಅದು.

ತೋಟದಮನೆ_ಸಾಗರ
ನೀವೆಲ್ಲ ಮಾಡುವವರು ಮಾತಾಡುತ್ತಿದ್ದೀರಿ. ಕೊಂಡವನ ಮಾತು ಕೇಳಿ.

ನನ್ನ ಹತ್ತಿರ ಎಂಟು ವರ್ಷ ಹಳೆಯ ಅಡಿಕೆ ಸುಲಿಯುವ ಮೆಷಿನ್ ಇದೆ. ಹೋದ ಡಿಸೆಂಬರ್‌ನಲ್ಲಿ ಬ್ಲೇಡ್ ಮುರಿಯಿತು. ಅಂಗಳದಲ್ಲಿ ಕೊಯ್ದ ಹಸಿ ಅಡಿಕೆ ರಾಶಿ ಬಿದ್ದಿದೆ. ಫೋನ್ ಮಾಡಿದರೆ "ಯಾವ ಮಾಡೆಲ್?" ಅಂತ ಕೇಳಿದರು. ನನಗೇನು ಗೊತ್ತು? ಮೆಷಿನ್ ಮೇಲೆ ಸ್ಟಿಕ್ಕರ್ ಇತ್ತು, ಚೊಗರು ಬಿದ್ದು ತೊಳೆದು ಅದು ಯಾವತ್ತೋ ಹೋಗಿದೆ. ಫೋಟೋ ಕಳಿಸಿದೆ. ಬಸ್ಸಿನಲ್ಲಿ ಬ್ಲೇಡ್ ಬಂತು, ತೂತು ಕೂಡಲಿಲ್ಲ. ಮತ್ತೆ ಕಳಿಸಿದರು, ಅದು ಬಾಗು ಜಾಸ್ತಿ. ಮೂರನೆಯದು ಸರಿಹೋಯಿತು. ಅಷ್ಟರಲ್ಲಿ ಆರು ದಿನ. ಹಸಿ ಅಡಿಕೆ ಕಾಯುವುದಿಲ್ಲ, ತಡವಾದರೆ ಬಣ್ಣ ಕೆಡುತ್ತದೆ, ರೇಟು ಬೀಳುತ್ತದೆ. ಅಟ್ಟದಿಂದ ಮೆಟ್ಟುಗತ್ತಿ ಇಳಿಸಿ ಊರವರನ್ನೆಲ್ಲ ಕರೆದೆವು. ರಾತ್ರಿ ಹನ್ನೆರಡರವರೆಗೆ ಸುಲಿದೆವು. ನನ್ನ ಅಮ್ಮ, 71 ವರ್ಷ, ಅವರೂ ಕೂತರು.

ಒಂದು ನಂಬರ್ ಕಬ್ಬಿಣದ ಮೇಲೆ ಹೊಡೆದುಕೊಡಲು ನಿಮಗೆ ಎಷ್ಟು ಹೊತ್ತು ಬೇಕು?

ಸ್ವಂತ_ಶೆಡ್
ಐದು ನಿಮಿಷವೂ ಬೇಡ. ನೀವು ಹೇಳುವುದು ಸರಿ. ನಾನೂ ಸ್ಟಿಕ್ಕರ್ ಹಚ್ಚುತ್ತಿದ್ದೇನೆ. ಇನ್ನು ಮುಂದೆ ಪಂಚ್ ಹೊಡೆಯುತ್ತೇನೆ.

ಮಳೆಗಾಲ
ಮೆಟ್ಟುಗತ್ತಿ ಅಂದ ಕೂಡಲೇ ನಮ್ಮಜ್ಜಿ ಮನೆ ನೆನಪಾಯಿತು. ಸುಲಿಯುವ ರಾತ್ರಿ ಬೆಲ್ಲದ ಕಾಫಿ, ಅವಲಕ್ಕಿ, ಕಥೆ. ಈಗಿನ ಮಕ್ಕಳಿಗೆ ಅದು ಸಿಗುವುದಿಲ್ಲ.

ತೋಟದಮನೆ_ಸಾಗರ
ಆ ಆರು ದಿನ ನಮ್ಮ ಮಕ್ಕಳಿಗೆ ಸಿಕ್ಕಿತು. ಅವರಿಗೆ ಖುಷಿಯೇ ಆಯಿತು ಅನ್ನಿ.

ಐಟಿಐ_ಮೇಷ್ಟ್ರು
ನಂಬರ್ ವಿಷಯ ಬಂತಲ್ಲ, ನಂಬರ್‌ನಲ್ಲಿ ಅರ್ಥ ಇರಬೇಕು. ಮೊದಲ ಎರಡು ಅಂಕಿ ಮೆಷಿನ್, ಮುಂದಿನ ಎರಡು ಭಾಗದ ಜಾತಿ, ಆಮೇಲೆ ಅಳತೆ. ನೋಡಿದ ತಕ್ಷಣ ಫಿಟ್ಟರ್‌ಗೆ ಇದು ಶಾಫ್ಟ್, ಇದು ಎಲಿವೇಟರ್‌ದು ಅಂತ ಗೊತ್ತಾಗಬೇಕು.

ಕ್ಯಾಡ್_ತೀರ್ಥಹಳ್ಳಿ
ಇದಕ್ಕೆ ನನ್ನ ಪೂರ್ತಿ ವಿರೋಧ ಇದೆ. ಎಲಿವೇಟರ್ ನಂಬರ್ ಇರುವ ಪ್ಲೇಟ್ ನಾಳೆ ಕನ್ವೇಯರ್‌ಗೂ ಬಳಸುತ್ತೀರಿ. ಆಗ ನಂಬರ್ ಸುಳ್ಳು ಹೇಳುತ್ತದೆ. ಅಳತೆ ನಂಬರ್‌ನಲ್ಲಿ ಸೇರಿಸಿದರೆ, 50 ಹೋಗಿ 55 ಆದಾಗ ನಂಬರ್ ಏನಾಗಬೇಕು? ಜಾತಿಗೆ ಎರಡು ಅಂಕಿ ಕೊಟ್ಟರೆ 99ಕ್ಕೆ ಮುಗಿಯುತ್ತದೆ. ಸುಮ್ನೆ 1001, 1002 ಅಂತ ಸಾಲಾಗಿ ಕೊಡಿ. ಅರ್ಥವನ್ನು ಹೆಸರಿನಲ್ಲಿ ಬರೆಯಿರಿ.

ಐಟಿಐ_ಮೇಷ್ಟ್ರು
ಬರೀ 1047 ಅಂದರೆ ಶೆಡ್‌ನಲ್ಲಿ ಯಾರಿಗೆ ಅರ್ಥ ಆಗುತ್ತದೆ ಹೇಳಿ. ನೀವು ಕಂಪ್ಯೂಟರ್ ಮುಂದೆ ಕೂತು ಹುಡುಕುತ್ತೀರಿ. ಅವನ ಕೈಯಲ್ಲಿ ಗ್ರೀಸ್ ಇರುತ್ತದೆ.

ಭದ್ರಾವತಿ_ಹಳಬ
ಇಬ್ಬರದೂ ಸರಿ ಇದೆ. ರಿಜಿಸ್ಟರ್‌ನಲ್ಲಿ ನಂಬರ್ ಸಾಲಾಗಿ ಬರಲಿ. ಪ್ರಿಂಟ್‌ನ ತಲೆಯಲ್ಲಿ ಹೆಸರು ಕನ್ನಡದಲ್ಲಿ ದೊಡ್ಡದಾಗಿ ಬರಲಿ. "1047, ಎಲಿವೇಟರ್ ಮೇಲಿನ ಶಾಫ್ಟ್". ಗ್ರೀಸ್ ಕೈಯವನಿಗೂ ಕಾಣುತ್ತದೆ.

ಐಟಿಐ_ಮೇಷ್ಟ್ರು
ಹೆಸರು ಕಡ್ಡಾಯ ಅಂತಾದರೆ ನನ್ನ ತಕರಾರು ಇಲ್ಲ.

ತುಂಗಾತೀರ
ರಿವಿಷನ್ ಅಕ್ಷರ ಯಾವಾಗ, ಹೊಸ ನಂಬರ್ ಯಾವಾಗ? ನಮ್ಮಲ್ಲಿ ಇದಕ್ಕೇ ದಿನಾ ಜಗಳ.

ಕ್ಯಾಡ್_ತೀರ್ಥಹಳ್ಳಿ
ಒಂದೇ ಪ್ರಶ್ನೆ ಕೇಳಿಕೊಳ್ಳಿ. ಹೊಸ ಭಾಗ ಹಳೆ ಮೆಷಿನ್‌ನಲ್ಲಿ, ಹಳೆ ಭಾಗ ಹೊಸ ಮೆಷಿನ್‌ನಲ್ಲಿ ಏನೂ ಮಾಡದೆ ಕೂರುತ್ತದಾ, ಅದೇ ಕೆಲಸ ಮಾಡುತ್ತದಾ? ಹೌದಾದರೆ ನಂಬರ್ ಅದೇ, ಅಕ್ಷರ ಮುಂದೆ ಹೋಗುತ್ತದೆ. ಇಲ್ಲವಾದರೆ ಹೊಸ ನಂಬರ್. 50ರ ಶಾಫ್ಟ್ 55 ಆದಾಗ ಬೇರಿಂಗ್ 210ರಿಂದ 211ಕ್ಕೆ ಹೋಗುತ್ತದೆ. ಕೀ ಕೂಡ 14ಕ್ಕೆ 9 ಇದ್ದದ್ದು 16ಕ್ಕೆ 10 ಆಗುತ್ತದೆ, ಪುಲ್ಲಿ ತೂತು ದೊಡ್ಡದಾಗುತ್ತದೆ. ಒಂದೂ ಹಳೆಯದಕ್ಕೆ ಕೂರುವುದಿಲ್ಲ. ಹೊಸ ನಂಬರೇ ಬೇಕು. ಸಾಗರದವರ ಬ್ಲೇಡ್ ಕೂಡ ಹೀಗೇ ಆಗಿರಬೇಕು. ಬಾಗು ಬದಲಾಯಿತು, ನಂಬರ್ ಬದಲಾಗಲಿಲ್ಲ.

ಮಾಚೇನಹಳ್ಳಿ_ಡ್ರಾಯಿಂಗ್
ಇದು ನನಗೆ ತುಂಬಾ ಉಪಯೋಗ ಆಯಿತು. ಗೋಡೆಗೆ ಬರೆದು ಅಂಟಿಸಿದೆ.

ಇನ್ನು ಸಾಫ್ಟ್‌ವೇರ್ ಮಾತು. ಮಾಲೀಕರು "ಒಂದು ಒಳ್ಳೆ ಸಾಫ್ಟ್‌ವೇರ್ ತಗೊಂಡರೆ ಎಲ್ಲ ಸರಿಹೋಗುತ್ತದೆ" ಅನ್ನುತ್ತಿದ್ದಾರೆ. ಡ್ರಾಯಿಂಗ್ ಕಾಯುವ ವಾಲ್ಟ್, ಪಿಡಿಎಂ, ಪಿಎಲ್‌ಎಂ ಅಂತ ಬೇಕಾದಷ್ಟಿವೆ. ಯಾರಾದರೂ ಬಳಸಿದ್ದೀರಾ?

ಕ್ಯಾಡ್_ತೀರ್ಥಹಳ್ಳಿ
ನಾವು ಪಿಡಿಎಂ ಬಳಸುತ್ತೇವೆ. ಇಬ್ಬರು ಒಂದೇ ಫೈಲ್ ತಿದ್ದುವುದನ್ನು ತಡೆಯುತ್ತದೆ, ಹಳೆ ಅಕ್ಷರದ ಡ್ರಾಯಿಂಗ್ ಹಾಗೇ ಉಳಿಸುತ್ತದೆ. ಅಷ್ಟಕ್ಕೆ ಬಹಳ ಒಳ್ಳೆಯದು. ಆದರೆ 14 ಜನರ ಶೆಡ್‌ಗೆ ಈಗಲೇ ಬೇಡ ಅಂತ ನನ್ನ ಅಭಿಪ್ರಾಯ. ಮೊದಲು ಆರು ತಿಂಗಳು ನಂಬರ್ ಕೊಡುವುದು, ಕಾರಣ ಬರೆಯುವುದು ಕೈಗೆ ಹತ್ತಲಿ. "ಸೈಟ್‌ಗೆ ಬೇಕಾದಂತೆ ಬದಲಿಸಿದೆ" ಅಂತ ಸಾಫ್ಟ್‌ವೇರ್‌ನಲ್ಲೂ ಬರೆಯಬಹುದು, ಅದು ಬೇಡ ಅನ್ನುವುದಿಲ್ಲ.

ಆಡಿಟ್_ಅನುಭವ
ಕಾರಣ ಬರೆಯುವವರು ಫಿಟ್ಟರ್ ಆಗಬೇಕು. ಅವರಿಗೆ ಬರೆಯುವ ರೂಢಿ ಇಲ್ಲ. ಅಲ್ಲೇ ಎಲ್ಲ ನಿಲ್ಲುತ್ತದೆ.

ತುಂಗಾತೀರ
ನಾವು ಮಾತು ರೆಕಾರ್ಡ್ ಮಾಡಿಸುತ್ತೇವೆ. ಸೈಟ್‌ನಲ್ಲಿ ಏನೇ ಬದಲಿಸಿದರೂ ಫೋನ್ ಹಿಡಿದು ಒಂದು ನಿಮಿಷ ಹೇಳಬೇಕು: ಏನು ಇತ್ತು, ಏನು ಮಾಡಿದೆ, ಯಾಕೆ. ಜೊತೆಗೆ ಒಂದು ಫೋಟೋ, ಪಕ್ಕದಲ್ಲಿ ಟೇಪ್ ಹಿಡಿದು. ಬರೆಯಲು ಹಿಂಜರಿಯುವವರು ಮಾತಾಡಲು ಹಿಂಜರಿಯುವುದಿಲ್ಲ. ಒಬ್ಬರಂತೂ ಒಂದು ನಿಮಿಷ ಅಂದರೆ ಏಳು ನಿಮಿಷ ಹೇಳುತ್ತಾರೆ, ಅದರಲ್ಲಿ ಪ್ರತಿ ಮಾತೂ ಬೇಕಾದದ್ದೇ.

ಒಂದು ಎಚ್ಚರ. ವಾಟ್ಸಾಪ್ ಗುಂಪಿನಲ್ಲೇ ಬಿಡಬೇಡಿ. ನಮ್ಮ ಸೂಪರ್‌ವೈಸರ್ ಫೋನ್ ತುಂಗಾ ನದಿಗೆ ಬಿದ್ದಾಗ ಎರಡು ವರ್ಷದ ಫೋಟೋ ಹೋಯಿತು. ಈಗ ಪ್ರತಿ ಶನಿವಾರ ಆರ್ಡರ್ ಫೋಲ್ಡರ್‌ಗೆ ಇಳಿಸುತ್ತೇವೆ.

ಐಟಿಐ_ಮೇಷ್ಟ್ರು
ಡ್ರಾಯಿಂಗ್ ಮೇಲೆ ಟಿಪ್ಪಣಿ ಕನ್ನಡದಲ್ಲಿ ಯಾಕೆ ಬರೆಯುವುದಿಲ್ಲ ನೀವೆಲ್ಲ? ನನ್ನ ಹುಡುಗರು ಅಳತೆ ಚೆನ್ನಾಗಿ ಓದುತ್ತಾರೆ, ಇಂಗ್ಲಿಷ್ ಟಿಪ್ಪಣಿ ಬಂದರೆ ಬಿಟ್ಟು ಮುಂದೆ ಹೋಗುತ್ತಾರೆ. ಅತಿ ಮುಖ್ಯವಾದ ಮಾತು ಅಲ್ಲೇ ಇರುತ್ತದೆ.

ಮಾಚೇನಹಳ್ಳಿ_ಡ್ರಾಯಿಂಗ್
ಒಮ್ಮೆ ಪ್ರಯತ್ನ ಮಾಡಿದ್ದೆ ಮೇಷ್ಟ್ರೇ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಹಾಕಿದೆ. ಪ್ರಿಂಟ್ ಅಂಗಡಿಯಲ್ಲಿ ಅದೆಲ್ಲ ವಿಚಿತ್ರ ಇಂಗ್ಲಿಷ್ ಅಕ್ಷರ ಆಗಿ ಬಂತು.

ಕ್ಯಾಡ್_ತೀರ್ಥಹಳ್ಳಿ
ಹಳೆ ನುಡಿ ಅಕ್ಷರ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹಾಗೇ ಆಗುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಕ್ಯಾಡ್‌ನ ಸ್ವಂತ ಗೆರೆ ಫಾಂಟ್‌ಗಳಲ್ಲಿ ಕನ್ನಡ ಇರುವುದಿಲ್ಲ, ಹಾಗಾಗಿ ವಿಂಡೋಸ್ ಜೊತೆ ಬರುವ ಟ್ರೂಟೈಪ್ ಫಾಂಟ್ ಆರಿಸಿ. "ತುಂಗಾ" ಅಂತಲೇ ಒಂದಿದೆ, ಹೊಸ ವಿಂಡೋಸ್‌ನಲ್ಲಿ ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕಾಗಬಹುದು. ಪ್ರಿಂಟ್‌ಗೆ ಕೊಡುವಾಗ ಪಿಡಿಎಫ್ ಮಾಡಿ ಕೊಡಿ.

ತುಂಗಾತೀರ
ನಮ್ಮ ಹೊಳೆ ಹೆಸರಿನ ಫಾಂಟ್ ಇದೆ ಅಂತ ಇವತ್ತೇ ಗೊತ್ತಾಗಿದ್ದು! ನಾಳೆಯೇ ಹಾಕುತ್ತೇನೆ.

ಸ್ವಂತ_ಶೆಡ್
ಎರಡು ದಿನದಿಂದ ಎಲ್ಲರ ಮಾತು ಓದುತ್ತಿದ್ದೇನೆ. ನನ್ನದೂ ಒಂದು ಹೇಳಬೇಕು ಅನ್ನಿಸಿತು.

ಶೆಡ್ ಶುರು ಮಾಡಿದವರು ನಮ್ಮ ತಂದೆ. ಬ್ಲೇಡ್‌ಗೆ ಹದ ಕೊಡುವುದು ಅವರಿಗೆ ಮಾತ್ರ ಗೊತ್ತಿತ್ತು. ಕೆಂಪಗೆ ಕಾಸಿ, ಅದ್ದಿ, ಉಜ್ಜಿ ಹೊಳಪು ಮಾಡಿ, ಮತ್ತೆ ಸಣ್ಣ ಉರಿಯಲ್ಲಿ ಇಡುತ್ತಿದ್ದರು. ಲೋಹದ ಮೇಲೆ ಬಣ್ಣ ಓಡುವುದನ್ನು ನೋಡುತ್ತಾ, "ಈಗ" ಅಂದ ಕ್ಷಣ ತೆಗೆಯುತ್ತಿದ್ದರು. ಒಣಹುಲ್ಲಿನ ಬಣ್ಣ ಅಂತ ಹೇಳುತ್ತಿದ್ದರು. ಹುಲ್ಲು ಅಂದರೆ ಹೊಸ ಹುಲ್ಲಾ, ಹೋದ ವರ್ಷದ್ದಾ? ಯಾವ ಹಂತದಲ್ಲಿ? ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ತೀರಿಕೊಂಡ ಮೇಲೆ ಎರಡು ಸೀಸನ್ ನನ್ನ ಬ್ಲೇಡ್ ಒಂದೋ ಮುರಿಯುತ್ತಿತ್ತು, ಇಲ್ಲ ಬಗ್ಗುತ್ತಿತ್ತು. ಹಳೆ ಗಿರಾಕಿಗಳು "ಅಪ್ಪನ ಕಾಲದ ಬ್ಲೇಡ್ ಇಲ್ಲವಾ?" ಅಂತ ಕೇಳುವಾಗ ತಲೆ ತಗ್ಗಿಸಿದ್ದೇನೆ.

ಹಾಗಿದ್ದೂ ನಾನು ನನ್ನ ಮಗನಿಗೆ ಅದೇ ಮಾಡುತ್ತಿದ್ದೇನೆ ಅಂತ ಇಲ್ಲಿ ಓದುವವರೆಗೆ ಹೊಳೆದಿರಲಿಲ್ಲ.

ಐಟಿಐ_ಮೇಷ್ಟ್ರು
ನಿಮ್ಮ ತಂದೆಯ ಮಾತು ಪಕ್ಕಾ ಇದೆ. ಹೊಳಪು ಮಾಡಿದ ಸಾದಾ ಇಂಗಾಲದ ಉಕ್ಕನ್ನು ಮತ್ತೆ ಕಾಸಿದಾಗ ತಿಳಿ ಹುಲ್ಲು ಬಣ್ಣ ಸುಮಾರು 230 ಡಿಗ್ರಿಗೆ ಬರುತ್ತದೆ, ಕಂದು 255ರ ಹತ್ತಿರ, ನೇರಳೆ 275ರ ಸುಮಾರಿಗೆ, ನೀಲಿ 300ರ ಹತ್ತಿರ. ಹುಲ್ಲು ಬಣ್ಣಕ್ಕೆ ತೆಗೆದರೆ ಗಡಸು ಜಾಸ್ತಿ, ಪೆಟ್ಟಿಗೆ ಮುರಿಯುತ್ತದೆ. ನೀಲಿಗೆ ಹೋದರೆ ಸ್ಪ್ರಿಂಗ್ ಥರ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಬಣ್ಣವನ್ನು ಡಿಗ್ರಿಯಲ್ಲಿ ಬರೆದಿಡಿ, ಯಾವ ಉಕ್ಕು, ಎಷ್ಟು ದಪ್ಪ ಅಂತಲೂ ಬರೆಯಿರಿ. ಹೊತ್ತು ಜಾಸ್ತಿ ಇಟ್ಟರೆ ಕಡಿಮೆ ಶಾಖದಲ್ಲೂ ಬಣ್ಣ ಮುಂದಕ್ಕೆ ಓಡುತ್ತದೆ, ಹಾಗಾಗಿ ನಿಮಿಷವನ್ನೂ ಸೇರಿಸಿ. ಬೇಕಾದರೆ ಒಂದು ಭಾನುವಾರ ಬರುತ್ತೇನೆ, ನಾಲ್ಕು ತುಂಡು ಹಾಕಿ ನೋಡೋಣ.

ಸ್ವಂತ_ಶೆಡ್
ಖಂಡಿತ ಬನ್ನಿ ಮೇಷ್ಟ್ರೇ. ಊಟ ನಮ್ಮ ಮನೆಯಲ್ಲೇ. ಬರೆದಿಡುತ್ತೇನೆ, ಆದರೆ ಪುಸ್ತಕ ನನ್ನ ಬೀರುವಿನಲ್ಲಿ ಇರುತ್ತದೆ. ಬೀಗದ ಕೈ ಮಗನಿಗೂ ಒಂದು.

ಕ್ಯಾಡ್_ತೀರ್ಥಹಳ್ಳಿ
ಅದರಲ್ಲಿ ತಪ್ಪೇನಿಲ್ಲ. ಬರೆಯುವುದು ಬೇರೆ, ಎಲ್ಲರಿಗೂ ಹಂಚುವುದು ಬೇರೆ. ನಮ್ಮಲ್ಲೂ ಕೆಲವು ಲೆಕ್ಕ ಎಲ್ಲರಿಗೂ ತೆರೆದಿಲ್ಲ. ಶೆಡ್‌ಗೆ ಹೋಗುವ ಪ್ರಿಂಟ್‌ನಲ್ಲಿ ಅಳತೆ ಇದ್ದರೆ ಸಾಕು.

ಮಾಚೇನಹಳ್ಳಿ_ಡ್ರಾಯಿಂಗ್
ಹದದ ವಿಷಯಕ್ಕೆ ಒಪ್ಪುತ್ತೇನೆ. ಆದರೆ "ಅಳತೆ ಇದ್ದರೆ ಸಾಕು" ಅನ್ನುವುದನ್ನು ಒಪ್ಪುವುದಿಲ್ಲ. ಟರ್ನರ್‌ಗೆ ಕಾರಣ ಗೊತ್ತಿದ್ದರೆ ಅವನೇ ತಪ್ಪು ಹಿಡಿಯುತ್ತಾನೆ. ಆ ಹುಡುಗನಿಗೆ ಹಲಗೆ ಚೂರಿನ ಕಾರಣ ಗೊತ್ತಿದ್ದರೆ ಕೀಳುತ್ತಿದ್ದನಾ?

ಅಚ್ಚಿನಮರ
ಕೀಳುತ್ತಿರಲಿಲ್ಲ. ಬಹಳ ಶ್ರದ್ಧೆಯ ಹುಡುಗ. ಈಗ ನನಗಿಂತ ಚೆನ್ನಾಗಿ ಕೆಲಸ ಮಾಡುತ್ತಾನೆ.

ಮಾಚೇನಹಳ್ಳಿ_ಡ್ರಾಯಿಂಗ್ (ಮೂರು ವಾರದ ನಂತರ)
ಇಲ್ಲಿಯವರೆಗೆ ಆಗಿದ್ದನ್ನು ತಿಳಿಸುತ್ತೇನೆ.

ಮೂಲ ಎಲಿವೇಟರ್ ಮಾಡಲು ಶುರು ಮಾಡಿದ್ದೇವೆ. ಹೋದ ಭಾನುವಾರ ನಮ್ಮ ಹಿರಿಯ ಫಿಟ್ಟರ್ ಅವರನ್ನು ಶೆಡ್‌ಗೆ ಕರೆದುಕೊಂಡು ಬಂದೆ. ಎ1 ಹಾಳೆಯಲ್ಲಿ ಪ್ರಿಂಟ್ ತೆಗೆದು ಟೇಬಲ್ ಮೇಲೆ ಹರಡಿದೆ, ಫೋನ್ ರೆಕಾರ್ಡಿಂಗ್‌ಗೆ ಇಟ್ಟೆ. ಕನ್ನಡಕ ಹಾಕಿಕೊಂಡು, ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ನೋಡುತ್ತಾ ಬಂದರು. ಬೂಟ್ ಹತ್ತಿರ ಬೆರಳು ನಿಂತಿತು. "ಕಿಂಡಿ ಎಲ್ಲಿ?" ಅಂದರು.

ಯಾವ ಕಿಂಡಿ ಅಂತ ನನಗೆ ತಿಳಿಯಲಿಲ್ಲ. ಹಸಿ ಭತ್ತ ಕಟ್ಟಿಕೊಂಡಾಗ ತೆಗೆಯಲು ಬೂಟ್‌ನ ಪಕ್ಕಕ್ಕೆ ಒಂದು ಕಿಂಡಿ ಬೇಕೇ ಬೇಕಂತೆ. ಅವರು ನಾಲ್ಕು ಸೈಟ್‌ನಲ್ಲಿ ಗ್ಯಾಸ್ ಕಟರ್ ಹಿಡಿದು ಕತ್ತರಿಸಿ, ಮುಚ್ಚಳ ಮಾಡಿ, ಎರಡು ಬೋಲ್ಟ್ ಹಾಕಿ ಬಂದಿದ್ದಾರೆ. ನಾವು ಆಫೀಸಿನಲ್ಲಿ ಕೂತವರು ಅದನ್ನು ಕಂಡೇ ಇಲ್ಲ. ಎಲ್ಲ ಕಡೆ ಬೂಟ್ ಮುಚ್ಚಿಯೇ ಕಳಿಸಿದ್ದೇವೆ. ಕಿಂಡಿ ಇದ್ದಿದ್ದರೆ ಭಾರದ ಮೇಲೆ ಚಾಲೂ ಮಾಡುವ ಪ್ರಮೇಯವೇ ಬರುತ್ತಿರಲಿಲ್ಲ, ಶಾಫ್ಟ್ ತಿರುಚುತ್ತಲೂ ಇರಲಿಲ್ಲ ಅಂತ ಅವರ ಅಭಿಪ್ರಾಯ. 55 ಹಾಗೇ ಇಡುತ್ತೇವೆ, ಕಿಂಡಿಯೂ ಬರುತ್ತದೆ.

ತೋಟದಮನೆ_ಸಾಗರ
ಕಿಂಡಿ ಎಷ್ಟು ಅಗಲ ಇಟ್ಟಿರಿ? ನಮ್ಮ ಭಾವನ ಮಿಲ್‌ನಲ್ಲೂ ಇದೇ ಗೋಳು.

ಮಾಚೇನಹಳ್ಳಿ_ಡ್ರಾಯಿಂಗ್
200ಕ್ಕೆ 150. ದೊಡ್ಡ ಆಳಿನ ಕೈ ಮೊಣಕೈವರೆಗೆ ಹೋಗಿ, ಮುಷ್ಟಿಯಲ್ಲಿ ಭತ್ತ ಹಿಡಿದು ವಾಪಸ್ ಬರಬೇಕು ಅಂತ ಅವರು ಹೇಳಿದರು. ಟಿಪ್ಪಣಿಯಲ್ಲಿ ಹಾಗೇ ಬರೆದಿದ್ದೇನೆ, ಕನ್ನಡದಲ್ಲಿ.

ಐಟಿಐ_ಮೇಷ್ಟ್ರು
ಕೈ ಒಳಗೆ ಹೋಗುತ್ತದೆ ಅಂದರೆ ಮುಚ್ಚಳಕ್ಕೆ ಸ್ವಿಚ್ ಇಡಿ. ಮುಚ್ಚಳ ತೆಗೆದರೆ ಮೋಟರ್ ಚಾಲೂ ಆಗಬಾರದು. ಮೇನ್ ಕೂಡ ಆಫ್ ಮಾಡಿಯೇ ಕೈ ಹಾಕಬೇಕು ಅಂತ ಅಲ್ಲೇ ಬರೆಯಿರಿ.

ಮಾಚೇನಹಳ್ಳಿ_ಡ್ರಾಯಿಂಗ್
ಸರಿ ಮೇಷ್ಟ್ರೇ, ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ. ನಾಳೆ ರಿವಿಷನ್ ಬಿ ಹೋಗುತ್ತದೆ. ಕಾರಣದ ಕಾಲಂನಲ್ಲಿ "ಕಿಂಡಿಯಲ್ಲಿ ಕೈ ಇರುವಾಗ ಬೆಲ್ಟ್ ತಿರುಗಬಾರದು" ಅಂತ ಬರೆಯುತ್ತೇನೆ.